ಗುದ್ದಲಿ ಅತ್ತೆ ಸೈಕಲ್ ಹತ್ತಿದ ದಿನ

ಊರಿಗೆಲ್ಲ ಅವರು ಅತ್ತೆ. ನಿಜವಾದ ಅಳಿಯ ಒಬ್ಬನೇ ಒಬ್ಬ, ಕೆರೆದಂಡೆಯ ರಸ್ತೆಯಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿರುವವನು. ಅವನು ದಿನಕ್ಕೆ ನೂರು ಸಲ 'ಅತ್ತೆ, ಅತ್ತೆ' ಎಂದು ಕೂಗುವುದನ್ನು ಕೇಳಿ ಕೇಳಿ, ಪಂಕ್ಚರ್ ಹಾಕಿಸಲು ಬಂದವರು, ಬಾಡಿಗೆ ಸೈಕಲ್ ಒಯ್ಯಲು ಬಂದವರು, ಸುಮ್ಮನೆ ಗಾಳಿ ಹೊಡೆಸಿಕೊಂಡು ಹೋಗುವವರು, ಕೊನೆಗೆ ವಯಸ್ಸಿನಲ್ಲಿ ಅವರಿಗಿಂತ ಹಿರಿಯರಾದ ನಿವೃತ್ತ ಹೆಡ್‌ಮಾಸ್ತರರೂ ಅವರನ್ನು ಅತ್ತೆ ಎಂದೇ ಕರೆಯತೊಡಗಿದರು. ಹೆಗಲ ಮೇಲೆ ಸದಾ ಒಂದು ಗುದ್ದಲಿ ಇರುತ್ತಿದ್ದುದರಿಂದ ಗುದ್ದಲಿ ಅತ್ತೆ. ಕಾಲಲ್ಲಿ ಮೊಣಕಾಲುದ್ದದ ಗಂಬೂಟು. ಬೇಸಿಗೆಯಾದರೂ ಅದೇ, ಮಳೆಯಾದರೂ ಅದೇ.

ಅತ್ತೆಯ ಗುದ್ದಲಿ ಏನು ಮಾಡಿದೆ ಎಂದು ನೋಡಬೇಕಾದರೆ ಅಂಗಡಿಯ ಹಿಂಬಾಗಿಲಿನಿಂದ ಹೊರಡಬೇಕು. ಅಲ್ಲಿಂದ ಒಂದು ಸೈಕಲ್ ದಾರಿ ಕಾಡಿಗೆ ನುಗ್ಗುತ್ತದೆ, ಮೂರು ಕಿಲೋಮೀಟರು ಗುಡ್ಡ ಹತ್ತುತ್ತದೆ, ನೆತ್ತಿಯ ಮೇಲೆ ನಿಂತು ಎಡಗಡೆ ಕೆರೆಯನ್ನೂ ಬಲಗಡೆ ಹೊಳೆಯನ್ನೂ ಒಂದೇ ಸಲ ತೋರಿಸುತ್ತದೆ, ಆಮೇಲೆ ಹದಿನಾಲ್ಕು ತಿರುವು ತಿರುಗಿ, ಮರಗಳ ಮಧ್ಯೆ ನುಸುಳಿ, ಹೊಳೆ ಬಂದು ಕೆರೆಗೆ ಸೇರುವ ಆಚೆಕಡೆಯ ಲಾಂಚ್ ಕಟ್ಟೆಯ ಹತ್ತಿರ ಇಳಿದು ಉಸ್ಸಪ್ಪಾ ಎನ್ನುತ್ತದೆ. ಒಟ್ಟು ಒಂಬತ್ತು ಕಿಲೋಮೀಟರು, ಅಗಲ ಎರಡು ಮೊಳ. ಶನಿವಾರ ಭಾನುವಾರ ದೂರದೂರದಿಂದ ಜನ ದಪ್ಪ ಚಕ್ರದ ಸೈಕಲ್ ಹೇರಿಕೊಂಡು ಬಂದು, ಕೇಕೆ ಹಾಕುತ್ತ ಇಳಿದು, ಮೈಯೆಲ್ಲ ಕೆಸರು ಮಾಡಿಕೊಂಡು, ಬಾಯಿತುಂಬ ಹಲ್ಲು ಬಿಟ್ಟುಕೊಂಡು ವಾಪಸು ಬರುತ್ತಾರೆ. ಇಷ್ಟೆಲ್ಲ ಮಾಡಿದ ಅತ್ತೆ ಮಾತ್ರ ಆರು ವರ್ಷದಲ್ಲಿ ಒಂದೇ ಒಂದು ಸಲವೂ ಆ ದಾರಿಯಲ್ಲಿ ಸೈಕಲ್ ಹತ್ತಿರಲಿಲ್ಲ!

ಸೈಕಲ್ ಬರುತ್ತಿರಲಿಲ್ಲ ಅಂತಲ್ಲ. ಇಪ್ಪತ್ತೊಂದು ವರ್ಷ ಪ್ಲೈವುಡ್ ಮಿಲ್ಲಿನಲ್ಲಿ ಕೆಲಸ ಮಾಡಿದಾಗ ದಿನಾ ಸೈಕಲ್ಲಲ್ಲೇ ಹೋಗಿ ಬಂದವರು. ಆದರೆ ಅದು ಅಂಗೈಯಂಥ ಸಮತಟ್ಟು ರಸ್ತೆ. "ನಾನು ದಾರಿ ಮಾಡೋಳಪ್ಪ, ಹಾರೋಳಲ್ಲ" ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದರು. "ನಿಮಗೆ ಅಲ್ಲಿ ಎಲ್ಲೆಲ್ಲಿ ಏನೇನಿದೆ ಅಂತ ಗೊತ್ತಿಲ್ಲ, ಅದಕ್ಕೇ ಧೈರ್ಯ. ನನಗೆ ಅಲ್ಲಿನ ಒಂದೊಂದು ಕಲ್ಲಿನ ಮುಖಪರಿಚಯ ಇದೆ. ಯಾವ ಕಲ್ಲು ಯಾವ ಹಲ್ಲು ಮುರಿಯುತ್ತೆ ಅಂತಾನೂ ಗೊತ್ತು."

ಮಿಲ್ಲಿನಲ್ಲಿ ಅವರದು ಮರದ ತೆಳ್ಳನೆಯ ಹಾಳೆಗಳನ್ನು ಒಣಗಿಸುವ ಕೆಲಸ. ಹಾಳೆಯ ಮೇಲೆ ಅಂಗೈ ಆಡಿಸಿದರೆ ತೇವ ಯಾವ ಮೂಲೆಯಲ್ಲಿ ಅಡಗಿ ಕೂತಿದೆ ಎಂದು ಥಟ್ಟನೆ ತಿಳಿಯುತ್ತಿತ್ತು. ಮಿಲ್ಲು ಮುಚ್ಚಿದ ವರ್ಷ ಮನೆಯಲ್ಲಿ ಕೂತು ಕೂತು ಗೋಡೆಯ ತೇವ, ಹಿತ್ತಲಿನ ತೇವ, ಮಗಳ ಕಣ್ಣಿನ ತೇವ ಎಲ್ಲವನ್ನೂ ಹುಡುಕತೊಡಗಿದಾಗ ಅಳಿಯನಿಗೆ ದಿಗಿಲಾಯಿತು. "ಅತ್ತೆ, ಕಾಡಲ್ಲಿ ಸೈಕಲ್ ದಾರಿ ಮಾಡೋಕೆ ಒಪ್ಪಿಗೆ ಸಿಕ್ಕಿದೆ. ಆದ್ರೆ ಮಳೆ ಬಂದ್ರೆ ನಿಲ್ಲಲ್ಲ ಅಂತಿದಾರೆ ಎಲ್ರೂ. ಒಂಚೂರು ಬಂದು ನೋಡ್ತೀರಾ?" ಎಂದು ಕರೆದುಕೊಂಡು ಹೋದ. ಅತ್ತೆ ನೆಲದ ಮೇಲೆ ಅಂಗೈ ಆಡಿಸಿದರು. "ನಿಲ್ಲುತ್ತೆ. ನೀರಿಗೆ ದಾರಿ ಬಿಟ್ಟುಕೊಟ್ರೆ ನಮ್ಮ ದಾರಿ ನಿಲ್ಲುತ್ತೆ" ಎಂದರು. ಮಾರನೆಯ ದಿನ ಗುದ್ದಲಿ ಹಿಡಿದವರು ಇವತ್ತಿಗೂ ಇಳಿಸಿಲ್ಲ. ಮಿಲ್ಲು ಮುಚ್ಚಿದ್ದಕ್ಕೆ ಊರೆಲ್ಲ ಶಾಪ ಹಾಕಿದರೆ ಅತ್ತೆ ಒಬ್ಬರೇ, "ಅದು ಮುಚ್ಚಿ ಪುಣ್ಯ ಕಟ್ಟಿಕೊಳ್ತು ಕಣ್ರೋ, ಇಲ್ಲಾಂದ್ರೆ ನನಗೆ ಈ ಕಾಡೆಲ್ಲಿ ಸಿಗ್ತಿತ್ತು?" ಎನ್ನುತ್ತಾರೆ.

ಅವರ ದಾರಿಗೆ ಒಂದು ಕಾಯಿದೆ ಇದೆ. ಯಾರೇ ಸೈಕಲ್ ಓಡಿಸಲಿ, ಬಾಟಲಿಯ ಕೊನೆಯ ಗುಟುಕು ನೀರನ್ನು ಕುಡಿಯುವ ಹಾಗಿಲ್ಲ. ಹೊಸದಾಗಿ ರಿಪೇರಿಯಾದ ತಿರುವಿನಲ್ಲಿ ನಿಂತು ಅದನ್ನು ನೆಲಕ್ಕೆ ಸುರಿಯಬೇಕು. ಅತ್ತೆ ಅಲ್ಲೇ ಕುಕ್ಕರಗಾಲಲ್ಲಿ ಕೂತು ನೋಡುತ್ತಾರೆ. ನೀರು ದಾರಿಗೆ ಅಡ್ಡವಾಗಿ ಹರಿದು ಕೆಳಗಿನ ಪೊದೆಗೆ ಇಳಿದರೆ ಮುಖ ಅರಳುತ್ತದೆ. ದಾರಿಯುದ್ದಕ್ಕೂ ಹರಿಯತೊಡಗಿತೋ, ಮುಗಿಯಿತು, ಗುದ್ದಲಿ ಮತ್ತೆ ಮೇಲೇಳುತ್ತದೆ.

ಇನ್ನು ರಿಬ್ಬನ್ನಿನ ವಿಷಯ. ಭಾನುವಾರ ಬೆಳಿಗ್ಗೆ ಸವಾರರೇ ಹತ್ತಾರು ಜನ ಅಗೆಯಲು ಬರುತ್ತಾರೆ. ಹುಮ್ಮಸ್ಸಿನ ಜನ, ಸಿಕ್ಕಸಿಕ್ಕಲ್ಲಿ ಗುದ್ದಲಿ ಬೀಸುತ್ತಾರೆ, ಬೇರು ಕಡಿದುಹೋಗುತ್ತದೆ. ಅದಕ್ಕೆ ಅತ್ತೆ, ತಿರುವಿನ ಮಣ್ಣನ್ನು ಹಿಡಿದುಕೊಂಡಿರುವ ಮರಕ್ಕೆ ಒಂದು ನೀಲಿ ರಿಬ್ಬನ್ ಕಟ್ಟಿಬಿಡುತ್ತಾರೆ. ಅಂದರೆ, ಇದರ ಬುಡಕ್ಕೆ ಕೈ ಹಾಕಬೇಡಿ ಎಂದು. ಹೋದ ವಾರ ನೀಲಿ ರಿಬ್ಬನ್ ಮುಗಿದಿತ್ತು. "ಇದನ್ನೇ ಕಟ್ಟಿ ಅತ್ತೆ, ರೇಸ್ ಮಾಡಿದಾಗ ಉಳಿದಿದ್ದು" ಎಂದು ಅಳಿಯ ಕಿತ್ತಳೆ ಬಣ್ಣದ ಸುರುಳಿ ಕೊಟ್ಟ. ಅತ್ತೆ ಹತ್ತನೇ ತಿರುವಿನಿಂದ ಹದಿನಾಲ್ಕನೆಯದರವರೆಗೆ ಐದು ಮರಕ್ಕೆ ಕಟ್ಟಿದರು. ಹನ್ನೆರಡನೇ ತಿರುವಿನ ದೊಡ್ಡ ಮರಕ್ಕಂತೂ ಮೂರು ಸುತ್ತು. ಅದು ಹೊಳೆಯ ದಂಡೆಯಲ್ಲಿ ಐದು ಬೆರಳು ಊರಿಕೊಂಡು ನಿಂತ ಹಾಗೆ ನಿಂತ ಮರ. ಅದರ ಬೇರಿನ ಮೇಲೇ ದಾರಿ ಹೋಗುತ್ತದೆ, ಅದರ ನೆರಳಲ್ಲೇ ಅತ್ತೆ ಆರು ವರ್ಷದಿಂದ ಬುತ್ತಿ ಬಿಚ್ಚುವುದು. ಅದು ಹೋದರೆ ಮೊದಲ ಮಳೆಗೇ ದಂಡೆ ಕುಸಿಯುತ್ತದೆ, ದಂಡೆ ಕುಸಿದರೆ ದಾರಿ ಹೊಳೆಪಾಲು.

ಆ ಬುಧವಾರ ಬೆಳಿಗ್ಗೆ ಎಂಟು ಗಂಟೆಗೆ ಅಂಗಡಿಯಲ್ಲಿ ಮೂವರಿದ್ದರು. ಬಲಗೈಯನ್ನು ಜೋಳಿಗೆಯಲ್ಲಿ ಹಾಕಿಕೊಂಡು ಎಡಗೈಯಲ್ಲೇ ಚೈನಿಗೆ ಎಣ್ಣೆ ಬಿಡುತ್ತಿದ್ದ ಅಳಿಯ, ಅವನು ಸುಮಾರಾಗಿ ಕಟ್ಟಿದ ಚಕ್ರವನ್ನು ನೋಡಿ ಮೂಗು ಮುರಿಯುತ್ತಿದ್ದ ಅತ್ತೆ, ಮತ್ತು ತಾನು ಕೆಲಸ ಮಾಡುವ ಲಾಂಚ್ ಟಿಕೆಟ್ ಕೌಂಟರಿನಿಂದ ಈಗಷ್ಟೇ ಫ್ಲಾಸ್ಕಿನಲ್ಲಿ ಟೀ ತಂದ ಮಗಳು. ಕೈ ಮುರಿದದ್ದು ಕಾಡಿನಲ್ಲಲ್ಲ. ಅಂಗಡಿಯ ಬೋರ್ಡು ಒರೆಸಲು ಹೋಗಿ ಏಣಿಯ ಮೂರನೇ ಮೆಟ್ಟಿಲಿನಿಂದ ಬಿದ್ದದ್ದು. ಅತ್ತೆಗೆ ಈ ವಿಷಯ ಹಬ್ಬದೂಟದಷ್ಟು ರುಚಿ.

"ಬಂಡೆ ಮೇಲಿಂದ ಹಾರೋ ಶೂರ, ಏಣಿಯಿಂದ ಬಿದ್ದ" ಎಂದರು.

"ಏಣಿಗೆ ಬ್ರೇಕ್ ಇರಲ್ವಲ್ಲ ಅತ್ತೆ."

ಮಗಳು ಲೋಟಕ್ಕೆ ಟೀ ಬಗ್ಗಿಸುತ್ತ, "ಇವತ್ತು ಬೆಳಿಗ್ಗೆ ಲಾಂಚಲ್ಲಿ ಮರ ಕಡಿಯೋರು ಹೋದ್ರಮ್ಮ, ಆರು ಜನ" ಎಂದಳು. "ಹುಳ ಹಿಡಿದ ಮರ ಎಲ್ಲ ಕಡಿಬೇಕಂತೆ, ಇಲ್ಲಾಂದ್ರೆ ಕಾಡಿಗೆಲ್ಲ ಹರಡುತ್ತಂತೆ. ಮೇಸ್ತ್ರಿ ಹೇಳ್ತಿದ್ರು, ಹುಡುಕೋ ಕೆಲಸಾನೇ ಇಲ್ಲ, ಫಾರೆಸ್ಟ್ ಗಾರ್ಡ್ ಆಗ್ಲೇ ಕಿತ್ತಳೆ ರಿಬ್ಬನ್ ಕಟ್ಟಿದಾನೆ, ಕಂಡಿದ್ದು ಕಡಿತಾ ಹೋಗೋದು ಅಂತ."

ಅತ್ತೆಯ ಕೈಯಲ್ಲಿದ್ದ ಲೋಟ ಬಾಯಿಯ ಹತ್ತಿರ ಹೋಗಿ ನಿಂತುಬಿಟ್ಟಿತು.

"ಯಾವ ಬಣ್ಣ ಅಂದೆ?"

ಅಳಿಯ ನಿಧಾನವಾಗಿ ಎಣ್ಣೆಯ ಡಬ್ಬಿ ಕೆಳಗಿಟ್ಟ. ಅವನ ಮುಖದ ರಕ್ತವೆಲ್ಲ ಇಳಿದು ಎಲ್ಲಿಗೆ ಹೋಯಿತೋ.

ಮುಟ್ಟಬೇಡಿ ಎಂದು ಕಟ್ಟಿದ್ದು, ಕಡಿಯಿರಿ ಎಂದಾಗಿಬಿಟ್ಟಿತ್ತು! ಅದೂ ದೊಡ್ಡ ಮರಕ್ಕೆ ಮೂರು ಸುತ್ತು, ಮರೆಯದೆ ಕಡಿಯಿರಿ ಎನ್ನುವ ಹಾಗೆ.

ಮಗಳು ಫೋನ್ ಮಾಡಿದಳು. ಹೊಳೆಯ ಕಣಿವೆಯಲ್ಲಿ ಸಿಗ್ನಲ್ಲು ಎಂದಾದರೂ ಇತ್ತೇ? ಆಚೆ ದಡಕ್ಕೆ ರಸ್ತೆ ಇಲ್ಲ. ಲಾಂಚು ಉಳಿದ ಕಟ್ಟೆಗಳನ್ನೆಲ್ಲ ಮುಗಿಸಿ ಬರುವುದು ಮಧ್ಯಾಹ್ನಕ್ಕೆ. ಅತ್ತೆ ಗುಡ್ಡ ಹತ್ತಿ ನಡೆದು ಇಳಿಯುವುದಕ್ಕೆ ಎರಡೂವರೆ ಗಂಟೆ ಬೇಕು. ಮರ ಕಡಿಯುವವರು ಕೆಳಗಿನಿಂದ ಕಡಿಯುತ್ತ ಬಂದರೆ ಹದಿನಾಲ್ಕು, ಹದಿಮೂರು, ಹನ್ನೆರಡು, ಅಷ್ಟೇ, ಮೂರನೆಯದೇ ದೊಡ್ಡ ಮರ. ವಾರದ ನಡುವೆ ಒಬ್ಬ ಸವಾರನೂ ಇಲ್ಲ. ಮಗಳಿಗೆ ಸೈಕಲ್ಲೇ ಬರುವುದಿಲ್ಲ, ಸೈಕಲ್ ಅಂಗಡಿಯವನನ್ನು ಮದುವೆಯಾದರೂ.

"ನಾನೇ ಹೋಗ್ತೀನಿ, ಒಂದೇ ಕೈಲಿ" ಎಂದ ಅಳಿಯ.

"ಹೋಗಿ ಇನ್ನೊಂದನ್ನೂ ಮುರ್ಕೋ. ಆಮೇಲೆ ನಿನಗೆ ತುತ್ತು ತಿನ್ಸೋಕೆ ನಾನಿದೀನಿ" ಎಂದಳು ಮಗಳು.

ಆಮೇಲೆ ಇಬ್ಬರೂ ಅತ್ತೆಯ ಕಡೆ ತಿರುಗಿದರು. ಅತ್ತೆ ಬಾಗಿಲ ಹತ್ತಿರ ನಿಂತಿದ್ದ ಬಾಡಿಗೆ ಸೈಕಲ್ಲಿನ ಕಡೆ ತಿರುಗಿದರು, ಅದೇನೋ ಕಚ್ಚುವ ಪ್ರಾಣಿ ಎಂಬಂತೆ.

"ಎರಡೇ ಮಾತು ಅತ್ತೆ" ಎಂದ ಅಳಿಯ, ಸೀಟು ಇಳಿಸುತ್ತ, ಹೆಲ್ಮೆಟ್ಟಿನ ಪಟ್ಟಿಯನ್ನು ಒಂದೇ ಕೈಯಲ್ಲಿ ಎಳೆದು ಸರಿಮಾಡುತ್ತ. "ಬ್ರೇಕ್ ಹಿಚುಕಬೇಡಿ, ಸವರಿ. ಕಣ್ಣು ಚಕ್ರದ ಮುಂದೆ ಇಡಬೇಡಿ, ದೂರ ಇಡಿ. ಕಣ್ಣು ಎಲ್ಲಿ ಹೋಗುತ್ತೋ ಸೈಕಲ್ಲೂ ಅಲ್ಲೇ ಹೋಗುತ್ತೆ."

"ನನ್ನ ಕಣ್ಣು ಕಲ್ಲಿನ ಮೇಲೇ ಹೋಗುತ್ತಲ್ಲೋ!"

"ಅದಕ್ಕೇ ಹೇಳಿದ್ದು. ಗಂಬೂಟು ಬಿಚ್ಚಿ."

"ಅದು ಮಾತ್ರ ಆಗಲ್ಲ" ಎಂದು ಅತ್ತೆ ಗಂಬೂಟಿನಲ್ಲೇ ಪೆಡಲು ತುಳಿದರು.

ಗುಡ್ಡ ಹತ್ತುವ ಮೂರು ಕಿಲೋಮೀಟರಿನಲ್ಲಿ ಅರ್ಧ ತುಳಿದರು, ಅರ್ಧ ತಳ್ಳಿದರು. ಅಲ್ಲಿಯವರೆಗೆ ಭಯಕ್ಕೆ ಪುರುಸೊತ್ತಿರಲಿಲ್ಲ, ಉಸಿರಿಗೇ ಇರಲಿಲ್ಲ. ನೆತ್ತಿಗೆ ಬಂದು ನಿಂತಾಗ ಎಡಗಡೆ ಕೆರೆ ಬಿಸಿಲಿಗೆ ತಗಡಿನ ಹಾಗೆ ಥಳಥಳ, ಬಲಗಡೆ ಕಣಿವೆಯಲ್ಲಿ ಹೊಳೆ. ಮತ್ತು ಕೆಳಗಿನಿಂದ, ಬಹಳ ಕೆಳಗಿನಿಂದ, ಗರಗಸದ ಯಂತ್ರ ದುಂಬಿಯ ಹಾಗೆ ಕೊರೆಯುವ ಸದ್ದು. ಆಮೇಲೆ ಸದ್ದು ನಿಂತಿತು. ಆಮೇಲೆ ಏನೋ ಉದ್ದಕ್ಕೆ ಬಿದ್ದಿತು.

ಹದಿನಾಲ್ಕು, ಎಂದುಕೊಂಡರು ಅತ್ತೆ. ಬ್ರೇಕಿನಿಂದ ಬೆರಳು ತೆಗೆದರು.

ಮೊದಲನೇ ತಿರುವಿನಲ್ಲಿ ಕಣ್ಣು ಮುಚ್ಚಿಬಿಟ್ಟರು. ಎರಡನೆಯದರಲ್ಲಿ ತೆರೆದರು. ಬೀಳಲಿಲ್ಲವಲ್ಲ! ಹಲ್ಲು ಮುರಿಯುವ ಆ ಚೂಪುಗಲ್ಲು ಬರುತ್ತದೆ, ಈಗ ಬರುತ್ತದೆ ಎಂದು ಮೈಯೆಲ್ಲ ಬಿಗಿ ಹಿಡಿದರೆ ಬಂದದ್ದು ನುಣ್ಣನೆಯ ಮಣ್ಣು. ಹೌದಲ್ಲ, ಆ ಕಲ್ಲನ್ನು ಕಿತ್ತು ನಾಲ್ಕು ವರ್ಷವಾಯಿತು, ತಾವೇ ಕಿತ್ತದ್ದು! ಆಸ್ಪತ್ರೆಯ ನರ್ಸಮ್ಮ ರಾತ್ರಿಪಾಳಿ ಮುಗಿಸಿ ನಿದ್ದೆಗಣ್ಣಲ್ಲೇ ಬಂದು ಅದರ ಇನ್ನೊಂದು ತುದಿ ಹಿಡಿದಿದ್ದಳು. ಮೂರನೆಯದರಲ್ಲಿ ಹೆಡ್‌ಮಾಸ್ತರರು ಒಂದೊಂದೇ ಬುಟ್ಟಿ ಜಲ್ಲಿ ತಂದು, ಬುಟ್ಟಿಗೊಂದು ಭಾಷಣ ಮಾಡಿ ಸುರಿದದ್ದು. ನಾಲ್ಕನೆಯದರಲ್ಲಿ ಮಾತು ಬಿಟ್ಟಿದ್ದ ಅಣ್ಣತಮ್ಮ ಇಬ್ಬರು. ಒಬ್ಬನಿಗೆ ಎತ್ತಲಾಗದ ಬಂಡೆ, ಆದ್ದರಿಂದ 'ಹಿಡ್ಕೋ' ಎನ್ನಲೇಬೇಕಾಯಿತು, ಎಂಟು ವರ್ಷದ ಮೇಲೆ ಅಣ್ಣ ತಮ್ಮನಿಗೆ ಆಡಿದ ಮೊದಲ ಮಾತು ಅದು. ಅತ್ತೆಗೆ ಕಲ್ಲುಗಳೆಲ್ಲ ನೆನಪಿದ್ದವು, ಅವನ್ನು ತೆಗೆದ ಕೈಗಳು ಮಾತ್ರ ಈಗ ನೆನಪಾಗುತ್ತಿದ್ದವು. ಚಕ್ರದ ಕೆಳಗೆ ಅವರೆಲ್ಲ ಅಂಗೈ ಚಾಚಿಕೊಂಡು ಕೂತಿದ್ದಾರೇನೋ ಎನ್ನುವ ಹಾಗೆ ಸೈಕಲ್ಲು ಕೈಯಿಂದ ಕೈಗೆ ಹೋಗುತ್ತಿತ್ತು. "ಅಯ್ಯೋ ನಿಮ್ಮ ಹೊಟ್ಟೆ ತಣ್ಣಗಿರ್ಲಿ, ಅಯ್ಯೋ ನಿಮ್ಮ ಹೊಟ್ಟೆ ತಣ್ಣಗಿರ್ಲಿ" ಎಂದು ಗಾಳಿಗೆ ಹೇಳಿಕೊಳ್ಳುತ್ತ ಅತ್ತೆ ಇಳಿದರು.

ಐದನೇ ತಿರುವು ಅವರನ್ನು ಎತ್ತಿ ಪೊದೆಗೆ ಎಸೆಯಿತು.

ಏನೂ ಆಗಲಿಲ್ಲ, ಮೊಣಕೈ ತರಚಿತು. ಆದರೆ ಎದ್ದು ನಿಂತು ತಿರುಗಿ ನೋಡಿದಾಗ ಅತ್ತೆಗೆ ನಿಜವಾಗಿಯೂ ನೋವಾಯಿತು. ತಿರುವಿನ ಹೊರ ಅಂಚು ತಗ್ಗಿತ್ತು. ನಡೆಯುವ ಕಾಲಿಗೆ ಅದು ಗೊತ್ತೇ ಆಗುವುದಿಲ್ಲ, ಉರುಳುವ ಚಕ್ರವನ್ನು ಅದು ನೇರ ಹೊರಗೆ ನೂಕುತ್ತದೆ. ಆರು ವರ್ಷ! ಆರು ವರ್ಷದಿಂದ ಇಲ್ಲಿ ಎಲ್ಲರೂ ಬಿದ್ದಿರಬೇಕು. ವಾಪಸು ಬಂದು, 'ಸೂಪರ್ ಅತ್ತೆ' ಎಂದಿದ್ದರು. ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಕೆಳಗೆ ಗರಗಸ ಮತ್ತೆ ಶುರುವಾಯಿತು. ಅತ್ತೆ ಮತ್ತೆ ಹತ್ತಿದರು.

ಹತ್ತನೇ ತಿರುವಿನ ರಿಬ್ಬನ್ನು, ಹನ್ನೊಂದನೆಯದು, ಎರಡೂ ಕಿತ್ತಳೆಯ ಗೆರೆಗಳಂತೆ ಪಕ್ಕದಲ್ಲಿ ಸರಿದುಹೋದವು. ಮುಂದೆ ದಾರಿಯ ನಡುವೆ ಕೆಂಪು ಬಾವುಟ ಹಿಡಿದು ಒಬ್ಬ ಕಾವಲಿನವನು ನಿಂತಿದ್ದ. ಮರ ಬೀಳುವಾಗ ಯಾರೂ ಒಳಗೆ ಬರಬಾರದೆಂದು ನಿಂತವನು. ಗಂಬೂಟು ತೊಟ್ಟ, ಹೆಲ್ಮೆಟ್ಟಿನಲ್ಲಿ ಎಲೆ ಸಿಕ್ಕಿಸಿಕೊಂಡ, ಐವತ್ತೆಂಟು ವರ್ಷದ ಹೆಂಗಸು ಸೈಕಲ್ಲಿನಲ್ಲಿ ಹಾರಿ ಬರುವುದನ್ನು ನೋಡಿ ಅವನು ಬಾವುಟವನ್ನು ಬೀಸುವ ಬದಲು ತಲೆಯ ಮೇಲೆ ಎತ್ತಿ ಹಿಡಿದು, ಶರಣಾದವನ ಹಾಗೆ ನಿಂತ.

"ನಿಲ್ಲಿಸ್ರೋ!" ಎಂದು ಅತ್ತೆ ಕೂಗಿದರು. "ಸೀಟಿ ಊದೋ, ಏನು ನೋಡ್ತಾ ನಿಂತಿದೀಯ!"

ಅವನು ಎಚ್ಚೆತ್ತು ಸೀಟಿ ಊದಿದ. ಒಂದು ಸಲವಲ್ಲ, ಉಸಿರು ಇರುವಷ್ಟೂ ಊದಿದ. ಗರಗಸ ನಿಂತಿತು.

ಅತ್ತೆ ಬ್ರೇಕನ್ನು ಸವರಲಿಲ್ಲ, ಹಿಚುಕಿಯೇಬಿಟ್ಟರು. ಸೈಕಲ್ಲು ಒಂದು ಕಡೆ, ಅವರು ಇನ್ನೊಂದು ಕಡೆ. ಹೇಗೋ ಕಾಲ ಮೇಲೇ ನಿಂತರು, ಗಂಬೂಟಿನ ಪುಣ್ಯ.

ದೊಡ್ಡ ಮರ ನಿಂತಿತ್ತು. ಬುಡದಲ್ಲಿ ಒಂದು ಕಡೆ ತೊಗಟೆ ಸೀಳಿ, ಎರಡು ಬೆರಳು ಆಳಕ್ಕೆ ಬೆಳ್ಳನೆಯ ಗಾಯ. ಅಷ್ಟೇ. ಪಕ್ಕದಲ್ಲಿ ಮರ ಕಡಿಯುವವರ ಮೇಸ್ತ್ರಿ, ನರೆಮೀಸೆಯವರು, ಕಿವಿಗೆ ಹಾಕಿದ್ದ ಮುಚ್ಚಳ ತೆಗೆಯುತ್ತ ಅತ್ತೆಯನ್ನೂ ಸೈಕಲ್ಲನ್ನೂ ಮಿಕಿಮಿಕಿ ನೋಡಿದರು.

"ಏನಕ್ಕಾ ಇದು? ಪ್ರಾಣದ ಮೇಲೆ ಆಸೆ ಇಲ್ವಾ?"

ಅತ್ತೆ ಮರದ ಹತ್ತಿರ ಹೋಗಿ, ಮಿಲ್ಲಿನ ಹಾಳೆ ಮುಟ್ಟಿದ ಹಾಗೆ ಗಾಯದ ಮೇಲೆ ಅಂಗೈ ಇಟ್ಟರು. ತೇವ ಇತ್ತು. ತಣ್ಣಗೆ, ಜೀವ ಇರುವ ತೇವ.

"ಇದಕ್ಕೆ ಹುಳ ಇಲ್ಲಣ್ಣ" ಎಂದರು. "ಹುಳ ಇರೋದು ನನ್ನ ತಲೆಯಲ್ಲಿ. ಈ ರಿಬ್ಬನ್ ಕಟ್ಟಿದ್ದು ನಾನು." ಏನಾಯಿತೆಂದು ಹೇಳಿದರು. ತಪ್ಪನ್ನು ಅಳಿಯನ ಮೇಲೂ ಹಾಕಲಿಲ್ಲ, ಸುರುಳಿಯ ಮೇಲೂ ಹಾಕಲಿಲ್ಲ. "ಕಾಡಲ್ಲಿ ಬೇರೆಯವರೂ ರಿಬ್ಬನ್ ಕಟ್ತಾರೆ ಅಂತ ಯೋಚನೆ ಮಾಡ್ಲಿಲ್ಲ ನಾನು. ಕಾಡು ನಂದೊಬ್ಬಳದೇ ಅಂದ್ಕೊಂಡುಬಿಟ್ಟಿದ್ದೆ."

ಮೇಸ್ತ್ರಿ ಮೀಸೆ ಸವರಿಕೊಂಡರು. "ನನಗೂ ಅನುಮಾನ ಬಂತಕ್ಕಾ. ಗರಗಸದ ಪುಡಿ ನೋಡಿ ಹೇಗಿದೆ, ಬೆಣ್ಣೆ ಹಾಗೆ. ಹುಳ ಹಿಡಿದಿದ್ರೆ ಕಂದು ಬರುತ್ತೆ. ಆದ್ರೆ ಮೂರು ಸುತ್ತು ಕಟ್ಟಿದಾರೆ, ದೊಡ್ಡೋರು ಯಾರೋ ಹೇಳಿರ್ಬೇಕು ಅಂತ ಸುಮ್ನಾದೆ." ಆಮೇಲೆ ತಲೆ ತಗ್ಗಿಸಿ, "ಕೆಳಗಿನ ಎರಡು ಹೋದ್ವು. ಅವು ಎಳೇವು, ನೋಡದೇ ಕಡಿದ್ವಿ" ಎಂದರು.

ಅತ್ತೆ ಕೆಳಗೆ ಹೋಗಿ ಆ ಎರಡನ್ನೂ ನೋಡಿದರು. ಅವರ ಗಂಟೇ ಅವಕ್ಕೆ ಉರುಳಾಗಿತ್ತು. ಸ್ವಲ್ಪ ಹೊತ್ತು ಅಲ್ಲೇ ಕೂತರು. ಮೇಸ್ತ್ರಿಯೂ ಬಂದು ಎರಡು ಮಾರು ದೂರದಲ್ಲಿ ಕೂತರು. ಆಮೇಲೆ ಅವರೇ ಎದ್ದು, "ಇದನ್ನ ಲಾಂಚಿಗೆ ಹಾಕಲ್ಲಕ್ಕ. ಎಲ್ಲಿ ಬೇಕು ಹೇಳಿ, ಹಾಕಿಕೊಟ್ಟು ಹೋಗ್ತೀವಿ" ಎಂದರು. ಹದಿಮೂರನೇ ತಿರುವಿನ ಕೆಳಗೆ ಒಂದು ಜೌಗು ಇತ್ತು, ಅತ್ತೆ ಆರು ವರ್ಷ ಮಣ್ಣು ಹಾಕಿದರೂ ಮಣ್ಣು ತಿಂದು ಮತ್ತೆ ಬಾಯಿ ತೆರೆಯುವ ಜೌಗು. ಆರು ಜನ ಸೇರಿ ಎರಡು ಬೊಡ್ಡೆಗಳನ್ನು ಉರುಳಿಸಿ ಅದರ ಮೇಲೆ ಹಾಸಿದರು, ಮೇಲ್ಮೈ ಚಪ್ಪಟೆ ಕೆತ್ತಿದರು. ಹಾಗೆ ಕತ್ತರಿಸಿ ಹೂಡುವುದು ಅತ್ತೆಗೆ ಜನ್ಮದಲ್ಲಿ ಬರುತ್ತಿರಲಿಲ್ಲ. ದೊಡ್ಡ ಮರದ ಗಾಯವನ್ನೂ ಮೇಸ್ತ್ರಿ ಚಾಕುವಿನಲ್ಲಿ ನುಣ್ಣಗೆ ಕೆರೆದು, ನೀರು ನಿಲ್ಲದ ಹಾಗೆ ಕೆಳಕ್ಕೆ ಇಳಿಜಾರು ಮಾಡಿದರು. ಅದನ್ನು ನೋಡಿ ಅತ್ತೆಗೆ ಅವರ ಮೇಲೆ ಒಮ್ಮೆಲೇ ಅಕ್ಕರೆ ಬಂದುಬಿಟ್ಟಿತು. ನೀರಿನ ಮನಸ್ಸು ತಿಳಿದವರು ಇನ್ನೊಬ್ಬರಿದ್ದಾರಲ್ಲ!

"ರಿಬ್ಬನ್ ನೀವೇ ಬಿಚ್ಚಿ" ಎಂದರು ಮೇಸ್ತ್ರಿ.

ಬಿಚ್ಚಲು ಹೋದರೆ ಗಂಟು ಬಿಡಲಿಲ್ಲ, ಅಷ್ಟು ಬಿಗಿಯಾಗಿ ಕಟ್ಟಿದ್ದರು. ಕೊನೆಗೆ ಕಾವಲಿನವನು ಒಂದು ತುದಿ, ಅತ್ತೆ ಒಂದು ತುದಿ ಹಿಡಿದು ಎಳೆದರು. ಮೂರು ಸುತ್ತು ಬಿಚ್ಚಿ ಜೇಬಿಗೆ ಹಾಕಿಕೊಂಡರು. ಸೈಕಲ್ಲಿನ ಬಾಟಲಿಯಲ್ಲಿ ಒಂದು ಗುಟುಕು ಉಳಿದಿತ್ತು. ಬಾಯಿ ಒಣಗಿ ಹೋಗಿದ್ದರೂ ಕುಡಿಯಲಿಲ್ಲ, ಹನ್ನೆರಡನೇ ತಿರುವಿನ ಮೇಲೆ ಸುರಿದು ಕುಕ್ಕರಗಾಲಲ್ಲಿ ಕೂತರು. ನೀರು ದಾರಿಗೆ ಅಡ್ಡವಾಗಿ ಹರಿದು, ದೊಡ್ಡ ಮರದ ಬೇರಿನ ಸಂದಿನಲ್ಲಿ ಇಳಿದುಹೋಯಿತು.

ಮೇಲಕ್ಕೆ ನಡೆದು ಹೋಗಿ ಉಳಿದೆರಡು ರಿಬ್ಬನ್ನುಗಳನ್ನೂ ಬಿಚ್ಚಿಕೊಂಡು, ಮಧ್ಯಾಹ್ನದ ಲಾಂಚಿನಲ್ಲಿ ಸೈಕಲ್ಲನ್ನೂ ಹಾಕಿಕೊಂಡು ಅತ್ತೆ ವಾಪಸು ಬಂದಾಗ ಅಳಿಯ ಮಗಳು ಇಬ್ಬರೂ ಕಟ್ಟೆಯ ಮೇಲೇ ನಿಂತಿದ್ದರು.

"ಮರ?" ಎಂದ ಅಳಿಯ.

"ಇದೆ."

ಮಗಳು ಅಮ್ಮನ ಮೊಣಕೈ ಹಿಡಿದು ನೋಡಿದಳು. "ಎಲ್ಲಿ ಬಿದ್ದೆ?"

"ಐದನೇ ತಿರುವಲ್ಲಿ" ಎಂದು ಅತ್ತೆ ಅಳಿಯನನ್ನು ದುರುಗುಟ್ಟಿ ನೋಡಿದರು. "ನಿನಗೆ ಗೊತ್ತಿತ್ತು ಅಲ್ವಾ?"

ಅಳಿಯ ಕೆರೆಯ ಕಡೆ ತಿರುಗಿದ. "ಎಲ್ರಿಗೂ ಗೊತ್ತು ಅತ್ತೆ. ನಾವೆಲ್ಲ ಅಲ್ಲಿ ಇಳಿದು ತಳ್ಕೊಂಡು ಹೋಗ್ತೀವಿ."

"ಆರು ವರ್ಷದಿಂದ?"

"ಹೇಳಿದ್ರೆ ನೀವು ಬೇಜಾರು ಮಾಡ್ಕೊಂಡು ಗುದ್ದಲಿ ಇಟ್ಟುಬಿಟ್ರೆ ಅಂತ ಭಯ. ದಾರಿ ಬೇಕಿತ್ತಲ್ಲ ಅತ್ತೆ ನಮಗೆ. ನೀವೂ ಬೇಕಿತ್ತು."

ಇಷ್ಟು ಜನ, ಇಷ್ಟು ವರ್ಷ, ಅತ್ತೆಯ ಮನಸ್ಸು ಮುರಿಯಬಾರದೆಂದು ಒಂದು ತಿರುವಿನಲ್ಲಿ ಸೈಕಲ್ ಇಳಿದು ನಡೆದಿದ್ದರು. ಕೃತಜ್ಞತೆಯನ್ನು ಬಾಯಲ್ಲಿ ಹೇಳುವವರಲ್ಲ ಅತ್ತೆ. ಜೇಬಿನಿಂದ ಉದ್ದನೆಯ ಕಿತ್ತಳೆ ರಿಬ್ಬನ್ ತೆಗೆದು ಅಳಿಯನ ಕೈಜೋಳಿಗೆಯ ಮೇಲೆ ಒಂದು, ಎರಡು, ಮೂರು ಸುತ್ತು ಸುತ್ತಿ ಗಂಟು ಹಾಕಿದರು.

"ಅಯ್ಯೋ ಅತ್ತೆ, ನನ್ನ ಕಡಿದು ಹಾಕ್ತಾರೆ!"

"ನಮ್ಮ ಲೆಕ್ಕದಲ್ಲಿ ಅದರ ಅರ್ಥ ಏನು ಹೇಳು?"

"ಇದರ ಬುಡಕ್ಕೆ ಕೈ ಹಾಕಬೇಡಿ ಅಂತ" ಎಂದು ಅಳಿಯ ಹೇಳುವಾಗ ಅವನ ದನಿ ಒಂಚೂರು ಒದ್ದೆಯಾಗಿತ್ತು.

"ಹ್ಞೂಂ. ನಾಳೆ ನೀಲಿ ರಿಬ್ಬನ್ ತರಿಸು" ಎಂದು ಅತ್ತೆ ಸೈಕಲ್ ಎಳೆದುಕೊಂಡರು. ಕಟ್ಟೆಯಿಂದ ಅಂಗಡಿಗೆ ಇನ್ನೂರು ಹೆಜ್ಜೆ ದೂರ. ನಡೆಯಲಿಲ್ಲ, ಹತ್ತಿ ತುಳಿದರು. ಗುದ್ದಲಿ ಅಂಗಡಿಯಲ್ಲಿತ್ತು, ಐದನೇ ತಿರುವು ಕಾಡಿನಲ್ಲಿತ್ತು, ಬಿಸಿಲು ಇನ್ನೂ ಬೇಕಾದಷ್ಟಿತ್ತು.